ಬಲಗಡೆಯ ಮೂಗುಬೊಟ್ಟು

“ವರ್ಷಾ ಬೇಟಿ, ಬಹಳ ದಿನಕ್ಕ ಬಂದಿ?” ಎಂದು ಕಟ್ಟೆಯ ಮೇಲೆ ಕೂತಿದ್ದ ದಿಲ್ಶಾದ್ ಬೇಗಂ ಕೇಳಿದರು.

ಸರ್ವರಿ ಮೊನ್ನೆ ತಾನೇ ಬಂದು ಹೋಗಿದ್ದಳು. ಇನ್ನು ವರ್ಷಾ ಎಂಬುವಳು ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಆದರೂ ಸರ್ವರಿ, “ಹೌದ್ರಿ ಅಮ್ಮಾ, ಕೆಲಸ ಇತ್ತು” ಎಂದು ಸತ್ತ ಅಕ್ಕನ ಹೆಸರಿಗೆ ಓಗೊಟ್ಟು ಚಪ್ಪಲಿ ಬಿಟ್ಟಳು. ಬೇಗಂ ಅವರ ಕಣ್ಣಿಗೆ ಪೊರೆ ಬಂದಿತ್ತು, ನೆನಪಿಗೂ ಬಂದಿತ್ತು. ತಿದ್ದಿ ಹೇಳಿದರೆ ಆ ಮುದುಕಿ ಪ್ರತಿ ಸಲವೂ ಹೊಸದಾಗಿ ಸುದ್ದಿ ಕೇಳಿದವರಂತೆ ಅಳುತ್ತಿದ್ದರು. ಆ ಪಾಪ ಯಾರಿಗೆ ಬೇಕು?

ಬೇಗಂ ಒಬ್ಬರೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಹುಮನಾಬಾದಿನ ಮನೆಯಲ್ಲಿ ಅವ್ವ ಗಯಾಬಾಯಿಯೂ ಊಟಕ್ಕೆ ಕರೆಯುವಾಗ ಬಾಯಿ ತಪ್ಪಿ “ವರ್ಷಾ” ಎಂದು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಪಕ್ಕದ ಮಾಣಿಕನಗರದ ಅಂಗಡಿಯವರು ಒಮ್ಮೊಮ್ಮೆ ಸರ್ವರಿಯನ್ನು ಕಂಡು ಮಾತು ನಿಲ್ಲಿಸಿಬಿಡುತ್ತಿದ್ದರು. ಅಕ್ಕತಂಗಿ ಹಾಗಿದ್ದರು, ಏನು ಮಾಡುವುದು! ಅದೇ ಮೂಗು, ಅದೇ ಗದ್ದ, ತಲೆ ಓರೆ ಮಾಡಿ ನೋಡುವುದೂ ಅದೇ. ಗುರುತು ಅಂತ ಇದ್ದದ್ದು ಒಂದೇ. ಈ ಸೀಮೆಯ ಎಲ್ಲ ಹುಡುಗಿಯರಂತೆ ಸರ್ವರಿಯ ಮೂಗುಬೊಟ್ಟು ಎಡಗಡೆ, ವರ್ಷಾಳದು ಬಲಗಡೆ. ಚಿಕ್ಕಂದಿನಲ್ಲಿ ಎಡಕ್ಕೆ ಚುಚ್ಚಿಸಿದ್ದು ಕೀವಾಗಿ ಮುಚ್ಚಿಹೋಗಿತ್ತು. ಹೆಣ್ಣುಮಗು ಬೋಳುಮೂಗಿನಲ್ಲಿ ಇರಬಾರದು ಎಂದು ಅಜ್ಜಿ ಹಟ ಹಿಡಿದು ಬಲಕ್ಕೆ ಚುಚ್ಚಿಸಿದ್ದಳು.

ಸರ್ವರಿ ಒಳಗೆ ಬಂದಳು. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿರುವ ಈ ಕೋಣೆ ಒಂದು ಕಾಲಕ್ಕೆ ಪ್ರಿಂಟಿಂಗ್ ಪ್ರೆಸ್ಸು. ಬೇಗಂ ಅವರ ಗಂಡ ಜಲಾಲುದ್ದೀನ್ ಇಲ್ಲಿ ಊರಿನವರ ಲಗ್ನಪತ್ರಿಕೆಗಳನ್ನೆಲ್ಲ ಅಚ್ಚು ಹಾಕುತ್ತಿದ್ದರು. ಅವರು ಹೋದ ಮೇಲೆ ಸಮ್ಯಕ ಅದನ್ನು ಬಾಡಿಗೆಗೆ ಹಿಡಿದ. ಲಿನೋ ಎಂಬ ಮೆತ್ತನೆಯ ತುಂಡಿನ ಮೇಲೆ ಉಳಿಯಿಂದ ಚಿತ್ರ ಕೆತ್ತಿ, ಮಸಿ ಸವರಿ, ಕಾಗದಕ್ಕೆ ಒತ್ತಿ ಪ್ರಿಂಟ್ ತೆಗೆಯುವುದು ಅವನ ಕೆಲಸ. ಕಾಗದ ಕತ್ತರಿಸಿ ಚಿತ್ರ ಮಾಡುವುದು ವರ್ಷಾಳ ಕೆಲಸವಾಗಿತ್ತು. ಇಬ್ಬರೂ ಕಲಬುರಗಿಯ ಆರ್ಟ್ ಕಾಲೇಜಿನಲ್ಲಿ ಜೊತೆಗೆ ಓದಿದವರು, ಇದೇ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡಿದವರು. ಅವಳ ನಂತರ ಕಾಗದ ಕತ್ತರಿಸುವ ಆ ಕಟರ್ ಸರ್ವರಿಯ ಕೈಗೆ ಬಂದಿತ್ತು. ಅವನ ಪ್ರಿಂಟುಗಳನ್ನು ಇವಳು ಕತ್ತರಿಸುತ್ತಿದ್ದಳು; ಹೀಗೆ ಇಬ್ಬರೂ ಸೇರಿ ಕಿಟಕಿಯ ಬೆಳಕಿಗೆ ತೂಗುಬಿಡುವಂಥ ಕೃತಿ ಮಾಡುತ್ತಿದ್ದರು. ಬರುವ ತಿಂಗಳು ಕಲಬುರಗಿಯಲ್ಲಿ ಪ್ರದರ್ಶನ.

ವರ್ಷಾಳ ಏಪ್ರನ್ ಇನ್ನೂ ಮೊಳೆಗೆ ನೇತಾಡುತ್ತಿತ್ತು. ಅದರ ಜೇಬಿನ ಮೇಲೆ ಮಸಿಯ ಹೆಬ್ಬೆಟ್ಟು ಮೂಡಿತ್ತು. ಬಾಗಿಲು ತೆರೆದಾಗೆಲ್ಲ ಅದು ಯಾರೋ ತೊಟ್ಟು ತಿರುಗಿದಂತೆ ಅಲುಗುತ್ತಿತ್ತು. ಸರ್ವರಿ ಯಾವಾಗಲೂ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಬೆನ್ನು ಮಾಡಿದರೂ ಹಿಂದೆ ಯಾರೋ ಇದ್ದಾರೆ ಅನ್ನಿಸುವುದು ಬಿಡುತ್ತಿರಲಿಲ್ಲ.

ಸಮ್ಯಕ ಇರಲಿಲ್ಲ, ಚಹಾ ತರಲು ಹೋಗಿದ್ದನೇನೋ. ಪ್ರಿಂಟು ಒಣಗಿಸುವ ದಾರದ ಮೇಲೆ, ಗೋಡೆಗೆ ಮುಖ ಮಾಡಿ, ಒಂದು ಹಾಳೆ ತೂಗುತ್ತಿತ್ತು. ಹೀಗೆ ಅವನು ಯಾವುದನ್ನೂ ತಿರುವಿ ಹಾಕಿದವನಲ್ಲ. ಸರ್ವರಿ ಅದರ ತುದಿ ಹಿಡಿದು ತನ್ನ ಕಡೆಗೆ ತಿರುಗಿಸಿದಳು.

ಹೆಣ್ಣಿನ ಮುಖ. ಅರ್ಧ ತಗ್ಗಿಸಿದ ಕಣ್ಣು, ಕಚ್ಚಿಕೊಂಡ ತುಟಿ. ಮೂಗಿನ ಬಲಗಡೆ ಪುಟ್ಟ ಬಿಳಿ ಚುಕ್ಕೆ.

ಅಕ್ಕ! ಅಂದರೆ ಅವನು ಇಷ್ಟು ದಿನ ಕೆತ್ತುತ್ತಿದ್ದದ್ದು ಇದನ್ನು. ತಾನು ಹತ್ತಿರ ಹೋದ ಕೂಡಲೇ ಬಟ್ಟೆ ಮುಚ್ಚಿಡುತ್ತಿದ್ದದ್ದೂ ಇದನ್ನೇ. ಸರ್ವರಿಗೆ ಮೈಯೆಲ್ಲ ತಣ್ಣಗಾಯಿತು, ಅದರ ಹಿಂದೆಯೇ ಉರಿಯೂ ಹತ್ತಿತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ಎಂಥ ನಾಚಿಕೆಗೇಡು, ಅದೂ ಸ್ವಂತ ಅಕ್ಕನ ಮೇಲೆ! ಆದರೆ ಪಟ್ಟಳು. ಮುಚ್ಚಿಡುವುದೇಕೆ, ಈ ಹುಡುಗಿಗೆ ಸಮ್ಯಕ ಅಂದರೆ ಪ್ರಾಣ. ವಾರಕ್ಕೆರಡು ಸಲ ಹುಮನಾಬಾದಿನಿಂದ ಬಸ್ಸು ಹಿಡಿದು ಬರುತ್ತಿದ್ದದ್ದು ಬರೀ ಕಾಗದ ಕತ್ತರಿಸುವುದಕ್ಕಲ್ಲ.

ಅವನ ಕಿವಿಗೆ ಸದಾ ಮಸಿ ಹತ್ತಿರುತ್ತಿತ್ತು. “ಕಿವಿಗೆ ಮಸಿ ಹತ್ತೇದ ನೋಡ್ರಿ” ಎಂದರೆ ಅವನು ಒರೆಸಿಕೊಳ್ಳುವುದು ಇನ್ನೊಂದು ಕಿವಿಯನ್ನು. ಇವಳು ನಗು ತಡೆದು ತನ್ನ ಕಿವಿ ಮುಟ್ಟಿ ತೋರಿಸುವಳು. ಅವನು ಆ ಬೆರಳನ್ನು, ಆ ಕಿವಿಯನ್ನು, ಅಲ್ಲಿ ತೂಗುವ ಜುಮಕಿಯನ್ನು ನೋಡುತ್ತ ಮಸಿ ಒರೆಸಿಕೊಳ್ಳುವುದನ್ನೇ ಮರೆಯುವನು. ಕಟರ್ ಕೊಡುವಾಗ ಅಲಗನ್ನು ತನ್ನ ಕಡೆ ಹಿಡಿದು ಹಿಡಿಕೆಯನ್ನು ಇವಳ ಕಡೆ ಚಾಚುವನು. ಬೆರಳಿಗೆ ಬೆರಳು ತಾಕಿದರೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುವರು. ಇಷ್ಟೆಲ್ಲ ಇದ್ದರೂ ಮಾತು ಮಾತ್ರ ‘ನೀವು’ ದಾಟಿರಲಿಲ್ಲ. ವರ್ಷಾಳಿಗೆ ಅವನು ‘ನೀ’ ಅನ್ನುತ್ತಿದ್ದ. ಅದನ್ನು ಸರ್ವರಿ ಕಿವಿಯಾರೆ ಕೇಳಿದ್ದಳು, ಮರೆತಿರಲಿಲ್ಲ.

ಇವತ್ತು ಬೇರೆ ತಾಪತ್ರಯವೊಂದಿತ್ತು. ಚಿಟಗುಪ್ಪದಿಂದ ಸಂಬಂಧ ಬಂದಿತ್ತು. ಹುಡುಗ ಅಂಬರೀಷ, ಬೀಜ ಗೊಬ್ಬರದ ಅಂಗಡಿ, ಹೆಸರಿಡುವಂಥ ದೋಷವೇನಿಲ್ಲ. ಸಂಜೆಯೊಳಗೆ ಹೂಂ ಅಥವಾ ಊಹೂಂ ಫೋನ್ ಮಾಡಿ ಹೇಳು ಎಂದು ಅವ್ವ ಕಳಿಸಿದ್ದಳು. ಹೋದ ವಾರವೇ ಸರ್ವರಿ ಈ ಸುದ್ದಿಯನ್ನು ಸಮ್ಯಕನ ಕಿವಿಗೆ ಹಾಕಿದ್ದಳು. ಅವನು “ಛಲೋ ಆತಲ್ರಿ” ಎಂದು ಮಸಿ ಸವರುವ ರೋಲರ್ ತೊಳೆಯಲು ಎದ್ದುಹೋಗಿದ್ದ. ತೊಳೆದ ರೋಲರನ್ನೇ ಮತ್ತೆ ತೊಳೆಯುತ್ತಿದ್ದುದನ್ನು ನೋಡಿ, ಇನ್ನೂ ಏನೋ ಇದೆ ಎಂದು ಆಸೆ ಇಟ್ಟುಕೊಂಡು ಬಂದಿದ್ದಳು. ಈ ಹಾಳೆ ನೋಡಿದ ಮೇಲೆ ಆ ಆಸೆಯೂ ಮುಗಿಯಿತು. ಅವನು ತನ್ನ ಕಡೆ ನೋಡಿದಾಗೆಲ್ಲ ನೋಡುತ್ತಿದ್ದದ್ದು ಬಲಗಡೆ ಮೂಗುಬೊಟ್ಟಿನವಳನ್ನೇ ಎಂದು ಅವಳಿಗೆ ಖಾತ್ರಿಯಾಯಿತು.

ಸಮ್ಯಕ ಚಹಾದೊಂದಿಗೆ ಬಂದವನು ಅವಳ ಕೈಯಲ್ಲಿದ್ದ ಹಾಳೆ ಕಂಡು ಬಾಗಿಲಲ್ಲೇ ನಿಂತ. ಅದು ಕೆಟ್ಟುಹೋದ ಪ್ರಿಂಟು, ಬಿಡ್ರಿ ಎಂದ.

“ಕೆಟ್ಟಿದ್ರ ನಾ ಕತ್ತರಿಸ್ತೀನಿ. ಕಲಬುರಗಿಗೆ ಇದನ್ನೂ ಒಯ್ಯೂಣ” ಎಂದಳು ಸರ್ವರಿ. ನಿಜ ಹೇಳಬೇಕೆಂದರೆ ಅವಳಿಗೆ ಆ ಮುಖವನ್ನು ಹಾಳೆಯಿಂದ ತೆಗೆದು ಬಿಸಾಡಬೇಕಿತ್ತು. ತೂತು ಬಿದ್ದ ಹಾಳೆಯನ್ನು ಅವನ ಮುಂದೆ ಇಟ್ಟು, ಬಸ್ಸು ಹತ್ತಿ, ದಾರಿಯಲ್ಲೇ ಅವ್ವನಿಗೆ ಹೂಂ ಎಂದು ಹೇಳಿಬಿಡಬೇಕಿತ್ತು.

ಅವನು ಬೇಡ ಎನ್ನಲಿಲ್ಲ. ಚಹಾದ ಗ್ಲಾಸನ್ನು ಮೂಲೆಯ ಹಳೇ ಅಚ್ಚಿನ ಮಷೀನಿನ ಮೇಲಿಟ್ಟ.

ಅವಳು ಕಿಟಕಿಯ ಬಳಿ ಕೂತು, ಒಳಗೆ ದೀಪವಿದ್ದ ಗಾಜಿನ ಮೇಜಿನ ಸ್ವಿಚ್ ಹಾಕಿದಳು. ಹಾಳೆಯನ್ನು ಬೋರಲು ಹಾಕಿದಳು. ಕಾಗದ ಕತ್ತರಿಸುವವರು ಹಿಂಬದಿಯಿಂದಲೇ ಕತ್ತರಿಸುತ್ತಾರೆ, ಮುಂಬದಿಯ ಅಂಚು ಚೊಕ್ಕ ಬರಲಿ ಅಂತ. ಸಿಟ್ಟಿನಲ್ಲೂ ಕೈ ಆ ರೂಢಿ ಬಿಡಲಿಲ್ಲ. ಹಾಳೆ ತೆಳುವಾಗಿತ್ತು, ದೀಪಕ್ಕೆ ಮಸಿಯೆಲ್ಲ ಈಚೆಗೆ ಕಂಡಿತು. ಕಟರಿನ ಮೊನೆಯನ್ನು ಹುಬ್ಬಿನ ಮೇಲಿಟ್ಟಳು.

ಹುಬ್ಬಿನ ನಡುವೆ ಒಂದು ಬಿಳಿ ಗೀರು.

ಉಳಿ ಜಾರಿರಬೇಕು ಎಂದುಕೊಂಡಳು. ಆದರೆ ಸಮ್ಯಕನ ಉಳಿ ಹಾಗೆ ಜಾರುವಂಥದಲ್ಲ. ಗೀರು ಹುಬ್ಬನ್ನು ಓರೆಯಾಗಿ ಸೀಳಿ ಸಣ್ಣಗೆ ಮುಗಿದಿತ್ತು. ಸರ್ವರಿಯ ಎಡಗೈ ತಾನಾಗಿ ತನ್ನ ಎಡಹುಬ್ಬಿಗೆ ಹೋಯಿತು. ಅಲ್ಲಿಯೂ ಅದೇ ಗೀರು, ಅಷ್ಟೇ ಓರೆ. ಅಕ್ಕ ಹೋದ ಮೇಲೆ, ಇದೇ ಕೋಣೆಯಲ್ಲಿ, ಮೊದಲ ಸಲ ಅವಳ ಕಟರ್ ಹಿಡಿದ ದಿನ ಅಲಗಿನ ತುದಿ ಮುರಿದು ಹಾರಿ ಆದ ಗಾಯ. ಅಕ್ಕನ ಹುಬ್ಬಿಗೆ ಅಂಥದ್ದು ಯಾವ ಕಾಲಕ್ಕೂ ಇರಲಿಲ್ಲ.

ಅವಳು ಆಗ ಹಾಳೆಯನ್ನು ಪೂರ್ತಿ ನೋಡಿದಳು. ಹೀಗೆ ಹಿಂಬದಿಯಿಂದ ನೋಡಿದರೆ ಮೂಗುಬೊಟ್ಟು ಎಡಗಡೆಗಿತ್ತು. ಗೀರೂ ಎಡಗಡೆಗಿತ್ತು. ಕಾಗದ ಕತ್ತರಿಸುವಾಗ ತುಟಿ ಕಚ್ಚಿಕೊಳ್ಳುವವಳೂ ತಾನೇ.

“ಇದು ಯಾರ್ರಿ?” ಎಂದಳು. ಕಟರ್ ಕೆಳಗಿಟ್ಟಳು.

ಸಮ್ಯಕ ಎದುರಿನ ಸ್ಟೂಲಿನ ಮೇಲೆ ಕೂತು, ತಪ್ಪು ಮಾಡಿದವನಂತೆ ಎಲ್ಲ ಹೇಳಿದ. ಬೇರೆ ಯಾರನ್ನು ಕೆತ್ತುವುದಿದ್ದರೂ ಅವನು ಫೋಟೋದಿಂದ ಪಾರದರ್ಶಕ ಹಾಳೆಗೆ ಇಳಿಸಿಕೊಂಡು, ಅದನ್ನು ತಿರುವಿ ಹಾಕಿ ಕೆತ್ತುತ್ತಿದ್ದ. ತಿರುವದಿದ್ದರೆ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಕಾಲೇಜಿನ ಮೊದಲ ವಾರದಲ್ಲಿ ಕಲಿಸುವ ಪಾಠ ಅದು. ಆದರೆ ಇವಳ ಫೋಟೋ ಅವನ ಹತ್ತಿರ ಇರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಇವಳು ಕಿಟಕಿಯಲ್ಲಿ ಕೂತು ಕೆಲಸ ಮಾಡುವಾಗ ಆ ಅಚ್ಚಿನ ಮಷೀನಿನ ಹಿಂದೆ ಕೂತು, ನೋಡಿದ್ದನ್ನು ನೋಡಿದ ಹಾಗೆ, ನೇರವಾಗಿ ಕೆತ್ತಿದ್ದ.

“ತಿರುವಬೇಕನ್ನೋದೇ ಮರತೆ. ಕೈ ತಾನ ನಡೀತು” ಎಂದ. “ಮುಂಜಾನೆ ಹಾಳಿ ಎತ್ತಿ ನೋಡಿದ್ರ ವರ್ಷಾ. ಕೆತ್ತಿದ್ದು ನಿಮ್ಮನ್ನ, ಬಂದಾಕಿ ಆಕಿ. ಅಂಜಿಕಿ ಬಂತ್ರಿ. ಗ್ವಾಡಿ ಕಡೆ ಮಾರಿ ಮಾಡಿ ಹಾಕಿ ಹೊರಗ ಹೋಗಿಬಿಟ್ಟೆ.”

ಮೊಳೆಯಲ್ಲಿದ್ದ ಏಪ್ರನ್ ಅಲುಗಿತು. ಇಬ್ಬರೂ ಅದರ ಕಡೆ ನೋಡಿದರು. ಬಾಗಿಲು ಮುಚ್ಚಿತ್ತು.

ಸರ್ವರಿ ಕೇಳಬಾರದ್ದನ್ನು ಕೇಳಿದಳು. ಕೇಳದೆ ಬಸ್ಸು ಹತ್ತಿದ್ದರೆ ಜೀವನಪೂರ್ತಿ ಅದೇ ಕೊರೆಯುತ್ತಿತ್ತು. “ಅಕ್ಕನ ಮ್ಯಾಲ ಪ್ರೀತಿ ಇತ್ತೇನ್ರಿ ನಿಮಗ?”

“ಇತ್ತು. ಸುಳ್ಳು ಹೇಳಾಂಗಿಲ್ಲ.”

ಅವನು ತಡೆದು ತಡೆದು ಹೇಳಿದ. ಕಾಲೇಜಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದ. ವರ್ಷಾ ಹೊಟ್ಟೆ ಹಿಡಿದು ನಕ್ಕು, ಅವನ ತಲೆಗೊಂದು ಮೊಟಕಿ, ಗೆಳೆತನ ಮಾತ್ರ ಉಳಿಸಿಕೊಂಡಿದ್ದಳು. ಅವಳು ಹೋದ ಮೇಲೆ ತಂಗಿ ಬಂದಾಗ ಶುರುಶುರುವಿಗೆ ಅವನಿಗೂ ಕಂಡದ್ದು ಅಕ್ಕನೇ.

“ಅಲಗು ಹುಬ್ಬಿಗೆ ಬಡೀತಲ್ಲ, ಆ ದಿನ” ಎಂದ ಸಮ್ಯಕ. “ವರ್ಷಾ ಆಗಿದ್ರ ಚೀರಿ ಓಣಿ ಮಂದಿನ್ನ ಕೂಡಿಸ್ತಿದ್ಲು. ನೀವು ರಕ್ತ ಒರಸ್ಕೊಂಡು, ಹಾಳಿಗೆ ಹತ್ತೇದೇನು ಅಂತ ಮೊದಲ ಹಾಳಿ ನೋಡಿದ್ರಿ. ಅವತ್ತಿಂದ ನನಗ ನೀವು ಬ್ಯಾರೆ ಕಾಣಾಕತ್ತಿದ್ರಿ. ಆಕಿ ಆಕಿನ, ನೀವು ನೀವ.”

ಸರ್ವರಿಯ ಕಣ್ಣು ತುಂಬಿತು. ಎರಡು ವರ್ಷದಲ್ಲಿ ಯಾರೂ ಅವಳಿಗೆ ಈ ಮಾತು ಹೇಳಿರಲಿಲ್ಲ. ಹೆತ್ತ ತಾಯಿಯೂ ಹೇಳಿರಲಿಲ್ಲ. ಸಂತೋಷವೋ ದುಃಖವೋ ಅವಳಿಗೇ ತಿಳಿಯಲಿಲ್ಲ, ಅತ್ತಳು ಅಷ್ಟೇ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಹಳೇ ಸಿಟ್ಟನ್ನು ಹೊರಗೆ ತೆಗೆದಳು.

“ಆಕಿಗೆ ‘ನೀ’ ಅಂತಿದ್ರಿ. ನನಗ ಯಾಕ ‘ನೀವು’?”

“‘ನೀ’ ಅಂದ್ರ ಆಕಿನ್ನ ಕರದಂಗ ಆಗ್ತದ ಅಂತ ಅಂಜಿಕಿ.”

“ಈಗ ಅನ್ರಿ ನೋಡೂಣ.”

ಅವನು ಅವಳ ಹುಬ್ಬಿನ ಗೀರನ್ನು ನೋಡಿದ. ಅವನ ಕಿವಿಯ ಮೇಲೆ ಎಂದಿನಂತೆ ಮಸಿ ಇತ್ತು. “ಸರ್ವರಿ” ಎಂದ. “ನೀ ಚಿಟಗುಪ್ಪಕ್ಕ ಹೋಗಬ್ಯಾಡ.”

ಇದಕ್ಕಿಂತ ಚೆನ್ನಾಗಿ ಹೇಳಲು ಬಾರದ ಹುಡುಗ ಅವನು. ಸರ್ವರಿಗೆ ಅಷ್ಟೇ ಸಾಕಿತ್ತು. ಕೈ ಚಾಚಿ ಅವನ ಕಿವಿಯ ಮಸಿಯನ್ನು ತಾನೇ ಒರೆಸಿದಳು, ಸರಿಯಾದ ಕಿವಿಯದನ್ನೇ. ಆಮೇಲೆ ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಊಹೂಂ ಎಂದಳು. ಯಾಕ ಎಂದು ಅವ್ವ ಕೇಳಿದ್ದಕ್ಕೆ, ಸಂಜೆ ಮನೆಗೆ ಬಂದು ಹೇಳುತ್ತೇನೆ, ಒಬ್ಬಳೇ ಬರುವುದಿಲ್ಲ ಎಂದಳು. ಹಾಗಾದರೆ ರೊಟ್ಟಿ ಹೆಚ್ಚಿಗೆ ಬಡಿಯುತ್ತೇನೆ ಎಂದು ಗಯಾಬಾಯಿ ಫೋನ್ ಇಟ್ಟಳು.

ಆ ಹಾಳೆಗೆ ಬ್ಲೇಡು ಮುಟ್ಟಿಸಲು ಸರ್ವರಿಗೆ ಮನಸ್ಸಾಗಲಿಲ್ಲ. ಹೊಸದಾಗಿ, ತಿರುವಿ ಕೆತ್ತುತ್ತೇನೆ ಎಂದ ಸಮ್ಯಕ. ಅವಳು ಬೇಡವೆಂದಳು. ಗೋಡೆಗೆ ಹಾಕದೆ, ಕಿಟಕಿಯ ನಡುವೆ ಒಂದೇ ದಾರದಿಂದ ಅದನ್ನು ತೂಗುಬಿಟ್ಟಳು. ಇಳಿಬಿಸಿಲು ಹಾಳೆಯನ್ನು ತೂರಿ ಬಂತು. ಗಾಳಿಗೆ ಅದು ಮೆಲ್ಲಗೆ ತಿರುಗಿತು. ಈ ಕಡೆಯಿಂದ ಅಕ್ಕ, ಆ ಕಡೆಯಿಂದ ತಾನು. ಅಕ್ಕ ತಂಗಿಯ ಗೀರನ್ನು ಹಚ್ಚಿಕೊಂಡು ಬಂದಿದ್ದಾಳೆ ಅನ್ನಿಸಿ ಅವಳಿಗೆ ಮೈ ಜುಮ್ಮೆಂದಿತು, ಆದರೆ ಬೆನ್ನು ಮಾಡಿ ಕೂರಬೇಕು ಅನ್ನಿಸಲಿಲ್ಲ.

ದಿಲ್ಶಾದ್ ಬೇಗಂ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಪೊರೆಗಣ್ಣನ್ನು ಕಿಟಕಿಯ ಕಡೆ ಎತ್ತಿ ನಿಂತರು.

“ವರ್ಷಾ ಬೇಟಿ ಅಲ್ಲಿ ಕಿಡಕ್ಯಾಗ ನಿಂತಾಳ” ಎಂದರು. ಆಮೇಲೆ ಸರ್ವರಿಯ ಕಡೆ ತಿರುಗಿದರು. “ಮತ್ತ ನೀ ಯಾರು?”

ಸಮ್ಯಕ ಏನೋ ಹೇಳಲು ಹೋದ. ಸರ್ವರಿ ಅವನ ಕೈ ಹಿಡಿದು ತಡೆದಳು. ತಾನೇ ಹೇಳಿದಳು.

“ನಾ ಸರ್ವರಿ ರೀ ಅಮ್ಮಾ. ಆಕಿ ತಂಗಿ.”

ಬೇಗಂ ಅಳಲಿಲ್ಲ. “ಹಾಂ” ಎಂದು ತಲೆದೂಗಿದರು. “ಹೇಳಿದ್ಲು ಆಕಿ, ತಂಗಿ ಬರ್ತಾಳ ಅಂತ. ಬಾ, ಕೂಡು ಬೇಟಿ.”

ಸರ್ವರಿ ಅವರ ಪಕ್ಕದಲ್ಲಿ ಕೂತಳು.