ಹಿಟ್ಟು ತಿಗಣೆ

“ಇವರಾ? ಗಿಡಕ್ಕೆ ನೀರು ಹಾಕೋಕೆ ಬರ್ತಾರೆ,” ಎಂದ ಕನ್ನಡಕದ ಅಂಗಡಿಯವನು, ತನ್ನ ಅಕ್ಕನಿಗೆ.

ಟೈಲರಮ್ಮನ ಆರು ತಿಂಗಳ ಭಾನುವಾರಗಳು ಆ ಒಂದು ವಾಕ್ಯದಲ್ಲಿ ಮುಗಿದವು. ಅವನ ಮನೆಯೊಳಗಿನ ನಲವತ್ತು ಕುಂಡಗಳ ನಡುವೆ ಇಬ್ಬರೂ ಮಂಡಿಯೂರಿ ಮಣ್ಣು ಬದಲಾಯಿಸಿದ್ದು, ಒಂದೇ ಎಲೆಯನ್ನು ಎರಡು ಕೈ ಒರೆಸಿದ್ದು, ಅವಳನ್ನು ನೋಡುತ್ತ ಅವನು ಗಿಡ ನೋಡಿದಂತೆ ನಟಿಸಿದ್ದು, ಎಲ್ಲ.

ಕೆಳಮನೆಯಲ್ಲಿ ಹೊಲಿಯುವ ಅವಳು ಓಣಿಯವರ ಬಾಯಲ್ಲಿ ಟೈಲರಮ್ಮ. ವಯಸ್ಸು ಬರೀ ಇಪ್ಪತ್ತೊಂಬತ್ತು. ಅಕ್ಕನತ್ತ ಚೆಂದವಾಗಿ ನಕ್ಕಳು, ನೀರಿನ ಕ್ಯಾನು ಕೆಳಗಿಟ್ಟಳು, ಮೆಟ್ಟಿಲಿಳಿದಳು.

ಬೈದುಬಿಡಬಹುದಿತ್ತು. ಆದರೆ ಹೊಲಿಗೆಯವರ ಸೇಡು ಒಳಹೊಲಿಗೆಯಂತೆ; ಮೇಲೆ ಕಾಣಿಸಬಾರದು.

ಅವಳ ಕಿಟಕಿಯ ಕ್ರೋಟನ್‌ಗೆ ಹಿಟ್ಟು ತಿಗಣೆ ಹತ್ತಿತ್ತು. ಎಲೆಯ ಬುಡದಲ್ಲಿ ಹತ್ತಿ ಅಂಟಿದಂತೆ ಬೆಳ್ಳಗಿರುವ, ಒಂದು ಗಿಡಕ್ಕೆ ಬಂದರೆ ಊರಿಗೆಲ್ಲ ಹಬ್ಬುವ ಹುಳ. ಮಾರನೇ ದಿನ ಕುಂಡಕ್ಕೆ ರಿಬ್ಬನ್ ಕಟ್ಟಿ ಮೇಲೆ ಕೊಟ್ಟುಬಂದಳು. “ನಿಮ್ಮ ಕಲೆಕ್ಷನ್‌ಗೆ,” ಎಂದಳು, ಬಾಯಲ್ಲಿ ಬೆಲ್ಲವಿಟ್ಟುಕೊಂಡು.

ಹೊಸ ಗಿಡ ಬಂದರೆ ಹದಿನೈದು ದಿನ ಬೇರೆ ಇಟ್ಟು, ಅಂಗಡಿಯ ಲೆನ್ಸ್ ಹಿಡಿದು ಎಲೆ ಎಲೆಯನ್ನೂ ತಪಾಸಣೆ ಮಾಡುವ ಆಸಾಮಿ ಅವನು. ಹುಳ ಕಂಡು ಮುಖ ಹುಳ್ಳಗಾದರೆ ಅವಳಿಗೆ ಸಾಕಿತ್ತು.

ಮೂರು ವಾರವಾದರೂ ಸದ್ದಿಲ್ಲ. ತಡೆಯಲಾರದೆ ಹತ್ತಿ ಹೋದಳು.

ನಲವತ್ತೂ ಕುಂಡಗಳು ಬೆಳ್ಳಗಾಗಿದ್ದವು. ನಟ್ಟನಡುವೆ, ರಿಬ್ಬನ್ ಸಮೇತ, ಅವಳ ಕ್ರೋಟನ್. ಅವನು ನೆಲದಲ್ಲಿ ಕೂತು ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಎಲೆ ಒರೆಸುತ್ತಿದ್ದ.

“ಬೇರೆ ಇಡಲಿಲ್ವಾ?”

“ಇಲ್ಲ.”

“ಲೆನ್ಸ್ ಹಿಡಿದು ನೋಡಲಿಲ್ವಾ?”

“ನೀವು ಕೊಟ್ಟ ಗಿಡ. ಅದನ್ನೂ ಅನುಮಾನದಿಂದ ನೋಡ್ಲಾ?”

ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

“ಬೇಕಂತಲೇ ಕೊಟ್ಟೆ!”

“ಗೊತ್ತಾಯ್ತು.”

“ಹಾಗಿದ್ರೆ ಬೈಯಿರಿ!”

“ಯಾವ ಮುಖ ಇಟ್ಕೊಂಡು? ಅವತ್ತು ಅಕ್ಕ ಕೇಳಿದಾಗ ನಾಲಿಗೆ ಬಿದ್ದುಹೋಯ್ತು. ಪ್ರೀತಿಸ್ತೀನಿ ಅಂತ ನಿಮಗೇ ಹೇಳಿರಲಿಲ್ಲ, ಅವಳಿಗೆ ಹೇಗೆ ಹೇಳಲಿ?”

ಟೈಲರಮ್ಮನ ಕಿವಿಗಳು ಕೆಂಪಾದವು. ಹಾಗಂತ ಬಿಟ್ಟುಬಿಡುವ ಹೆಣ್ಣಲ್ಲ. “ಈಗ ಹೇಳಿ. ಫೋನ್ ಮಾಡಿ. ಸ್ಪೀಕರ್ ಹಾಕಿ.”

ಅವನು ಒದ್ದೆ ಕೈಯಲ್ಲೇ ಒತ್ತಿದ. “ಅಕ್ಕಾ, ಮದುವೆ ಆಗ್ಬೇಕು ಅಂತಿದೀನಿ. ಅವರು ಒಪ್ಪಿದ್ರೆ.”

“ಯಾರೋ ಅವರು?”

ಅವನು ಟೈಲರಮ್ಮನನ್ನು ನೆಟ್ಟಗೆ ನೋಡಿದ. “ನನ್ನ ಗಿಡಕ್ಕೆಲ್ಲ ಹುಳ ಹತ್ತಿಸಿದವರು.”

“ಬೇಕಂತಲೇ?”

“ಹೂಂ.”

“ನಿನಗೆ ಅಂಥವಳೇ ಆಗ್ಬೇಕು ಬಿಡು. ಮನೆಗೆ ಕರ್ಕೊಂಡ್ ಬಾ, ನೋಡೋಣ.”

ಟೈಲರಮ್ಮ ಫೋನಿನತ್ತ ಬಗ್ಗಿದಳು. “ನೀವೇ ಬನ್ನಿ ಅಕ್ಕಾ. ಇನ್ನೂ ಮೂವತ್ತು ಕುಂಡ ಒರೆಸೋದಿದೆ.”