ಬಣ್ಣ ಹಚ್ಚದ ಅಂಗೈಯಗಲ

ಡಿಸೆಂಬರ್ ಮಳೆ. ಟುವಾಸ್‌ನ ಬಂದರು ಗೋದಾಮಿನಲ್ಲಿ ಬೆಳಗಿನ ಲೋಡಿಂಗ್ ನಡೆದಿತ್ತು... ಒಂದು ಫೋರ್ಕ್‌ಲಿಫ್ಟ್ ನೇರ ನನ್ನ ಎದೆಗೇ ಬಂತು!

ಪಕ್ಕಕ್ಕೆ ಹಾರಿದೆ. ಅದರ ಉಕ್ಕಿನ ಕೊಂಬುಗಳೆರಡೂ ನಾನು ಒರಗಿದ್ದ ಪೆಟ್ಟಿಗೆಯೊಳಗೆ ಹೊಕ್ಕವು.

ನಾನು ಶರಣಬಸಪ್ಪ. ಕಳೆದುಹೋದ ಮಾಲು ಹುಡುಕಿಕೊಡೋದು ನನ್ನ ಕಸುಬು. ಈ ಸಲ ಒಂದು ಚಿತ್ರ.

ಬರೆದವನು ಘಾನಾ ದೇಶದ ಕ್ವಾಬೆನಾ. ಅರವತ್ತು ದಾಟಿದ ಮುದುಕ. ಕುಂಚ ಮುಟ್ಟೋದಿಲ್ಲ, ಬೆರಳಲ್ಲೇ ಬರೀತಾನೆ. ಕ್ಯಾನ್ವಾಸೂ ಬೇಡ... ತೀರಿಹೋದವರು ಉಟ್ಟ ಬಟ್ಟೆಯ ಮೇಲೆ ಅವರದೇ ಮುಖ! ಬಣ್ಣ ದಪ್ಪಗೆ, ಉತ್ತ ಹೊಲದ ಸಾಲಿನ ಹಾಗೆ. ಆದರೆ ಒಂದು ಅಂಗೈಯಗಲ ಜಾಗ ಮಾತ್ರ ಬರಿದೇ ಬಿಡ್ತಾನೆ. ಬದುಕಿದ್ದಾಗ ಅವರ ಮೈ ಸವೆಸಿದ ಜಾಗ ಅದು.

ಈ ಚಿತ್ರ ಅವನ ಅವ್ವನದು. ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಆಕೆ ಸಂತೆ ಮಾಡಿದ್ದು ಇದೇ ಬಟ್ಟೆಯಲ್ಲಿ. ಬ್ಯೂನಾ ವಿಸ್ಟಾದ ಒಂದು ಗ್ಯಾಲರಿಗೆ ತೋರಿಸೋಕೆ ಮಾತ್ರ ಕೊಟ್ಟಿದ್ದ. ಓನರ್ ಹರ್ಷವರ್ಧನ್ ಗುಟ್ಟಾಗಿ ಮಾರಿಬಿಟ್ಟ! ಚಿತ್ರ ಇವತ್ತು ಮಧ್ಯಾಹ್ನ ಹಡಗು ಹತ್ತೋದಿತ್ತು. ಅಷ್ಟರೊಳಗೆ ತಂದುಕೊಡ್ತೀನಿ ಅಂತ ಮುದುಕನಿಗೆ ಮಾತು ಕೊಟ್ಟಿದ್ದೆ.

"ಶರಣ್, ಫ್ಯಾಮಿಲಿ ಇದೆ ತಾನೆ ನಿಮಗೆ?" ಕಂಬದ ಹಿಂದಿನಿಂದ ಹರ್ಷವರ್ಧನ್.

"ಇದೆ ಸಾರ್. ಹೆದರೋದಾದ್ರೆ ಅವರಿಗೆ ಹೆದರ್ತೀನಿ."

"ತಮಾಷೆ ಬೇಡ!"

"ಮೇಲೆ ಕ್ಯಾಮೆರಾ ನೋಡಿ. ಗುದ್ದಿದ್ದು ರೆಕಾರ್ಡ್ ಆಗಿದೆ. ಪೊಲೀಸರು ಗೇಟಲ್ಲಿದ್ದಾರೆ."

ಅರ್ಧ ಸುಳ್ಳು. ಗೇಟಲ್ಲಿ ನಿಂತಿದ್ದವನು ಮುದುಕ ಕ್ವಾಬೆನಾ ಒಬ್ಬನೇ.

ಫೋರ್ಕ್‌ಲಿಫ್ಟ್ ಡ್ರೈವರ್ ಇಳಿದು ಓಡಿದ. ಹರ್ಷವರ್ಧನ್ ಮುಖ ಬಿಳಿಚಿಕೊಂಡಿತು. ಮೂಲೆಯ ಪೆಟ್ಟಿಗೆಗೆ ಕೈ ತೋರಿಸಿದ.

"ತಗೊಂಡ್ಹೋಗಿ! ನನ್ನಿಂದ ಅವನಿಗೇನೂ ಲಾಸ್ ಆಗಿಲ್ಲ. ಡ್ಯಾಮೇಜ್ ಕೂಡ ಫ್ರೀಯಾಗಿ ರಿಪೇರಿ ಮಾಡಿಸಿದೀನಿ."

"ಏನು ಡ್ಯಾಮೇಜ್?"

"ಮಧ್ಯದಲ್ಲಿ ಬಣ್ಣ ಹೋಗಿ ನೂಲು ಕಾಣ್ತಿತ್ತಲ್ಲ... ಫಿಲ್ ಮಾಡಿಸ್ದೆ. ಗೊತ್ತೇ ಆಗಲ್ಲ ನೋಡಿ!"

ಪೆಟ್ಟಿಗೆ ಎತ್ತಿಕೊಂಡು ಗೇಟಿನತ್ತ ನಡೆದೆ.

ಗೇಟಿನ ಶೆಡ್ಡಿನಡಿ ಪೆಟ್ಟಿಗೆ ಬಿಚ್ಚಿದೆವು. ನಿಜ, ಕಣ್ಣಿಗೆ ಗೊತ್ತಾಗೋದಿಲ್ಲ. ಮುದುಕ ಆ ಅಂಗೈಯಗಲದ ಮೇಲೆ ಬೆರಳಿಟ್ಟ. ನಾನೂ ಇಟ್ಟೆ. ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು... ಅಲ್ಲಿ ನೂಲು ಕೈಗೆ ಸಿಗಲಿಲ್ಲ. ಬರೀ ಅಂಟು.

"ಕೆರೆದು ತೆಗೆಯೋಕೆ ಬರ್ತದಾ?" ಕೇಳಿದೆ.

"ಕೆರೆದರೆ ನೂಲೂ ಕಿತ್ತು ಬರ್ತದೆ." ಅವನು ಬೆರಳು ತೆಗೆಯಲಿಲ್ಲ. "ನಾನು ಕೂತಿದ್ದ ಜಾಗ. ಎರಡು ವರ್ಷ."

ಮಳೆ ಹೊಯ್ಯುತ್ತಲೇ ಇತ್ತು. ಲಾರಿಗಳು ಹಾರ್ನ್ ಹೊಡೆದವು, ನಾವು ಸರಿಯಲಿಲ್ಲ.

"ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳೋಕೆ ಆಗಲಿಲ್ಲ," ಅಂದೆ.

"ಚಿತ್ರ ತರ್ತೀನಿ ಅಂದಿದ್ದೆ ನೀನು. ತಂದುಕೊಟ್ಟೆ." ಮುದುಕ ನನ್ನ ಬೆನ್ನು ತಟ್ಟಿದ! ಸಮಾಧಾನ ಹೇಳಬೇಕಾದವನು ನಾನು...

ಸಂಜೆ ರಿಪೋರ್ಟಿನಲ್ಲಿ 'ಸಿಕ್ಕಿದೆ' ಅಂತ ಟಿಕ್ ಹಾಕಿ ಫೈಲ್ ಮುಚ್ಚಿದೆ. ಅವ್ವ ಸಿಗಲಿಲ್ಲ ಅಂತ ಬರೆಯೋಕೆ ಅದರಲ್ಲಿ ಕಾಲಂ ಇರಲಿಲ್ಲ.