ದಾರವಿಲ್ಲದ ಬಟ್ಟೆಗಳು

"ಅಮ್ಮಾ... ಈ ದಾರ ಎಲ್ಲಾ ಇನ್ನೂ ಬೇಕಿತ್ತಾ?"

ಪಟಪಟಿ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅಮ್ಮ ಎಂದೂ ಕೇಳಿರಲಿಲ್ಲ. ಅರಳು ಹುರಿದ ಹಾಗೆ ಮಾತಾಡುತ್ತಾಳೆ ಎಂದೇ ಬೀದಿಯವರು ಆ ಹೆಸರಿಟ್ಟಿದ್ದರು. ಅಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ತಿರುಗಿದಳು.

ಮಗಳ ಒಂದು ಕೈಯಲ್ಲಿ ಕತ್ತರಿ. ಇನ್ನೊಂದು ಕೈಯ ತುಂಬ ಬಣ್ಣಬಣ್ಣದ ದಾರದ ತುಂಡುಗಳು.

ಅವರದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಬಟ್ಟೆ ಬಂದ ಕೂಡಲೇ ಅಮ್ಮ ಒಳಬದಿಗೆ ದಾರದ ಗುರುತು ಹಾಕುತ್ತಿದ್ದಳು. ಹೋಟೆಲಿಗೆ ಕೆಂಪು, ಮೇಷ್ಟ್ರಿಗೆ ಹಸಿರು, ನರ್ಸ್ ಆಂಟಿಗೆ ಹಳದಿ. ಆಮೇಲೆ ಎಲ್ಲರ ಬಟ್ಟೆ ಒಟ್ಟಿಗೆ ಒಗೆದರೂ ಚಿಂತೆಯಿಲ್ಲ. ಕೊಡುವಾಗ ಗಿರಾಕಿಯ ಎದುರಿಗೇ ದಾರವನ್ನು ಕಚ್ ಎಂದು ಕತ್ತರಿಸುತ್ತಿದ್ದಳು. ಆ ಸದ್ದೆಂದರೆ ಪಟಪಟಿಗೆ ಬಲು ಇಷ್ಟ.

"ಒಗೆದು ಒಣಗಿಸಿ ಆಯ್ತಲ್ಲ, ಇನ್ಯಾಕೆ ಅನ್ಕೊಂಡೆ. ನಿಂಗೆ ಹೆಲ್ಪ್ ಆಗ್ಲಿ ಅಂತ..."

"ಎಷ್ಟು ಕತ್ತರಿಸಿದೆ?"

"ಎಲ್ಲಾ."

ಅಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು.

ಹೋದ ತಿಂಗಳು ಒಂದು ಶರ್ಟು ಅದಲುಬದಲಾಗಿ ಹೋಟೆಲ್ ಮ್ಯಾನೇಜರ್ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದರು. "ಇನ್ನೊಂದ್ಸಲ ಹೀಗಾದ್ರೆ ಬೇರೆ ಅಂಗಡಿ ನೋಡ್ಕೋತೀನಿ!" ಬರುವ ಬಟ್ಟೆಯಲ್ಲಿ ಅರ್ಧಕ್ಕರ್ಧ ಹೋಟೆಲಿನದೇ. ಅದು ಕೈಬಿಟ್ಟರೆ ಅಂಗಡಿಯ ಬಾಗಿಲು ಮುಚ್ಚಬೇಕು. ಮ್ಯಾನೇಜರ್ ಇವತ್ತು ಸಂಜೆಯೇ ಬರುವವರಿದ್ದರು, ಮೇಷ್ಟ್ರೂ ಕೂಡ.

ಬಟ್ಟೆಯ ರಾಶಿ ಪಟಪಟಿಯ ಎದೆಯೆತ್ತರಕ್ಕಿತ್ತು. ಅವಳು ರಾಶಿಯೊಳಗೆ ಕೈ ಹಾಕಿ ಅಲ್ಲೊಂದು ಇಲ್ಲೊಂದು ಎಳೆದಳು. ಒಂದು ಶರ್ಟಿನ ಜೊತೆ ಐದಾರು ಬಟ್ಟೆ ಜಾರಿ ನೆಲಕ್ಕೆ ಬಿದ್ದವು. ಅವನ್ನು ಎತ್ತಿಹಾಕಿದರೆ ಇನ್ನಷ್ಟು ಬಿದ್ದವು. ಅವಳಿಗೆ ಅಳು ಒತ್ತರಿಸಿ ಬಂತು.

"ಆಗಲ್ಲಮ್ಮ! ಇಷ್ಟೊಂದು ಇದೆ! ಸಂಜೆ ಒಳಗೆ ಆಗೋದೇ ಇಲ್ಲ!"

ಅಮ್ಮ ಎದ್ದು ಅವಳ ಭುಜ ಹಿಡಿದು, ರಾಶಿಗೆ ಬೆನ್ನು ಮಾಡಿ ಕೂರಿಸಿದಳು. ಹಿಂದಿನಿಂದ ಒಂದೇ ಒಂದು ಬಟ್ಟೆ ತೆಗೆದು ಮಡಿಲಿಗೆ ಹಾಕಿದಳು.

"ಅದನ್ನ ನೋಡ್ಬೇಡ. ಇದನ್ನ ನೋಡು. ಯಾರ್ದು?"

"ಇದಾ? ನರ್ಸ್ ಆಂಟಿ ಕೋಟು. ಜೇಬಲ್ಲಿ ಯಾವಾಗ್ಲೂ ಪೆನ್ನಿನ ಕಲೆ."

"ಬೆಂಚಿನ ಮೇಲಿಡು. ಇದು?"

"ಬಸ್ ಡ್ರೈವರ್ ಅಂಕಲ್ ಪ್ಯಾಂಟು. ಇದರೊಳಗೆ ನಾವಿಬ್ರೂ ಹಿಡಿಸ್ತೀವಿ!" ಪಟಪಟಿ ಮೂಗೊರೆಸಿಕೊಂಡಳು.

"ಇದು?"

"ಗೊತ್ತಿಲ್ಲ." ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿದಳು.

"ಗೊತ್ತಿಲ್ದಿದ್ರೆ ಇಲ್ಲ. ಕುರ್ಚಿ ಮೇಲಿಡು, ಆಮೇಲೆ ನೋಡೋಣ. ಇದು?"

ಹಾಗೇ ನಡೆಯಿತು. ಗೊತ್ತಾದದ್ದನ್ನು ಅಮ್ಮ ಇಸ್ತ್ರಿ ಮಾಡುತ್ತಾ ಹೋದಳು. ರಾಶಿ ಎಷ್ಟು ಉಳಿದಿದೆ ಎಂದು ಹಿಂದೆ ತಿರುಗಿ ನೋಡಲು ಪಟಪಟಿಗೆ ಭಯ. ನೋಡಲೂ ಇಲ್ಲ.

ಕೊನೆಗೆ ಕುರ್ಚಿಯ ಮೇಲೆ ಬರೀ ಬಿಳಿ ಶರ್ಟುಗಳು ಉಳಿದವು. ಹೋಟೆಲಿನವೂ ಬಿಳಿ, ಮೇಷ್ಟ್ರವೂ ಬಿಳಿ. ಪಟಪಟಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ತೋಳಿನ ತುದಿಯಲ್ಲಿ ಮಾಸಲು ಕಾಫಿ ಕಲೆಯಿದ್ದರೆ ಹೋಟೆಲು. ಜೇಬಿನಲ್ಲಿ ಕೆಂಪು ಇಂಕಿದ್ದರೆ ಮೇಷ್ಟ್ರು. ಎರಡು ಶರ್ಟುಗಳಲ್ಲಿ ಮಾತ್ರ ಯಾವ ಕಲೆಯೂ ಇರಲಿಲ್ಲ.

ಹೊರಗೆ ಸ್ಕೂಟರ್ ನಿಂತಿತು.

"ಏನಮ್ಮಾ, ರೆಡಿನಾ?" ಮ್ಯಾನೇಜರ್ ದೊಡ್ಡದೊಂದು ಬಟ್ಟೆಯ ಗಂಟು ಹೊತ್ತು ಒಳಗೆ ಬಂದು, ತಮ್ಮ ಶರ್ಟುಗಳನ್ನು ಎಣಿಸಿದರು. ಹುಬ್ಬು ಗಂಟಿಕ್ಕಿತು. "ಒಂದು ಕಮ್ಮಿ ಇದೆ. ದಾರಾನೂ ಇಲ್ಲ!"

ಅಮ್ಮ ಬಾಯಿ ತೆರೆಯುವ ಮೊದಲೇ ಪಟಪಟಿ ಎದ್ದು ನಿಂತಳು. ಕಲೆಯಿಲ್ಲದ ಎರಡರಲ್ಲಿ ಒಂದನ್ನು ಸುಮ್ಮನೆ ಕೊಟ್ಟುಬಿಡಬಹುದಿತ್ತು. ಅವಳು ಎರಡನ್ನೂ ಮುಂದಿಟ್ಟಳು.

"ದಾರ ಕತ್ತರಿಸಿದ್ದು ನಾನು ಅಂಕಲ್. ಅಮ್ಮ ಅಲ್ಲ. ಉಳಿದಿದ್ದೆಲ್ಲಾ ನೋಡಿ ನೋಡಿ ಇಟ್ಟಿದೀನಿ. ಈ ಎರಡರಲ್ಲಿ ಒಂದು ನಿಮ್ದು, ಒಂದು ಮೇಷ್ಟ್ರದು. ಯಾವ್ದು ಯಾರ್ದು ಅಂತ ನಂಗೊತ್ತಿಲ್ಲ."

ಮ್ಯಾನೇಜರ್ ಶರ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಂಗೂ ಗೊತ್ತಾಗ್ತಿಲ್ವಲ್ಲ," ಎಂದು ಗೊಣಗಿ ಅವರು ಬೆಂಚಿನ ತುದಿಯಲ್ಲಿ ಕೂತರು. "ಮೇಷ್ಟ್ರು ಬರ್ಲಿ."

ಮೇಷ್ಟ್ರು ಬಂದವರೇ ಎರಡೂ ಶರ್ಟು ನೋಡಿ ನಕ್ಕುಬಿಟ್ಟರು. "ಇದು ನಂದೇ. ಈ ಗುಂಡಿ ನೋಡು, ಸೊಟ್ಟಗಿದೆ. ನಾನೇ ಹೊಲಿದದ್ದು!"

ಮ್ಯಾನೇಜರ್ ನಗಲಿಲ್ಲ. ತಮ್ಮ ಶರ್ಟು ಸೇರಿಸಿಕೊಂಡು ಮತ್ತೆ ಎಣಿಸಿದರು. ಹೊರಡುವಾಗ ಗಂಟನ್ನು ಪಟಪಟಿಯ ಕಡೆಗೆ ತಳ್ಳಿದರು.

"ಇವು ಮುಂದಿನ ವಾರಕ್ಕೆ. ಕತ್ತರಿ ಮುಟ್ಟಿದ್ರೆ ನೋಡು!"

ಅಮ್ಮನ ಕಣ್ಣು ತುಂಬಿ ಬಂತು. ಅವಳು ತೋಳಿನಲ್ಲೇ ಮುಖ ಒರೆಸಿಕೊಂಡು ಇಸ್ತ್ರಿಗೆ ತಿರುಗಿದಳು.

ಗಂಟು ಬಿಚ್ಚಿದರೆ ಮತ್ತೆ ದೊಡ್ಡ ರಾಶಿ. ಎಲ್ಲದಕ್ಕೂ ದಾರ ಹಾಕಬೇಕು. ಪಟಪಟಿ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೂಜಿಗೆ ಕೆಂಪು ದಾರ ಪೋಣಿಸಿ, ಒಂದು ಶರ್ಟು ಎತ್ತಿಕೊಂಡು, ರಾಶಿಗೆ ಬೆನ್ನು ಮಾಡಿ ಕೂತಳು.